ಮೂರೂ ಕೋನ ಕೂಡಿಸಿ ನೋಡು

1936 ಜೂನ್ 2, ಮಂಗಳವಾರ

ಇವತ್ತಿನಿಂದ ದಿನಚರಿ ಬರೆಯಲು ತೊಡಗಿದ್ದೇನೆ. ಚಟಕ್ಕಲ್ಲ, ದಾಖಲೆಗೆ. ಇಪ್ಪತ್ತೆಂಟು ವರ್ಷ ಕಚೇರಿಯ ರೆಕಾರ್ಡು ಕೋಣೆಯಲ್ಲಿ ಕೂತವನಿಗೆ ಒಂದು ವಿಷಯ ಗೊತ್ತು. ತಾರೀಕು ಹಾಕಿ ಬರೆದಿಡದ ಅನ್ಯಾಯ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಾಳಿಮಾತಾಗುತ್ತದೆ.

ಅನ್ಯಾಯ ಇದು. ನನ್ನ ಅಕ್ಕ ಅಮ್ಮಣಿಯ ಮಗಳು ವಿನೋದಾ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಫೇಲು. ಇಂಗ್ಲಿಷಿನಲ್ಲಿ ಪಾಸು, ಕನ್ನಡದಲ್ಲಿ ಪಾಸು, ವಿಜ್ಞಾನದಲ್ಲಿ ಪಾಸು. ಗಣಿತದಲ್ಲಿ ಮಾತ್ರ ಮೂವತ್ತೊಂದು, ಬೇಕಾದದ್ದು ಮೂವತ್ತೈದು. ನಲುವತ್ತು ಹುಡುಗರ ಕ್ಲಾಸಿನಲ್ಲಿ ಗಣಿತ ತೆಗೆದುಕೊಂಡು ಕೂತ ಇಬ್ಬರೇ ಹುಡುಗಿಯರಲ್ಲಿ ಇವಳೊಬ್ಬಳು. ಇಂಥವಳ ಪೇಪರು ಕೈಗೆ ಸಿಕ್ಕಿದಾಗ ಮದ್ರಾಸಿನ ಪರೀಕ್ಷಕನ ಪೆನ್ನು ಹೇಗೆ ಓಡುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮದು ಅಳಿಯಸಂತಾನದ ಮನೆತನ. ಅಕ್ಕನ ಮಕ್ಕಳ ಹೊಣೆ ಮಾವಂದಿರದ್ದು. ಭಾವ ಬೊಂಬಾಯಿಯ ಹೋಟೆಲಿನಲ್ಲಿದ್ದಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ಬಿಜೈಯ ಈ ಮನೆಯಲ್ಲಿ ಹುಡುಗಿಯನ್ನು ಓದಿಸಿದವನು ನಾನು. ಆದರೆ ಯಜಮಾನರು ದೊಡ್ಡಣ್ಣ ಸುಂದರಣ್ಣ. ನಿನ್ನೆ ಸುರತ್ಕಲ್ಲಿನಿಂದ ಬಸ್ಸಿನಲ್ಲಿ ಬಂದು, ಚಹಾ ಸಹ ಆರುವ ಮೊದಲು ತೀರ್ಪು ಕೊಟ್ಟರು.

"ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಕೂರ್ಲಿ. ಅದ್ರಲ್ಲೂ ಹೋದ್ರೆ ದೇರೆಬೈಲಿನ ಸಂಬಂಧಕ್ಕೆ ಹೂಂ ಅನ್ನುದು. ಮತ್ತೆ ಬಿ.ಎ., ಮದ್ರಾಸು ಅಂತ ಯಾರೂ ನನ್ನ ಹತ್ರ ಬರ್ಬೇಡಿ."

ವಿನೋದಾಳಿಗೆ ಗಣಿತದಲ್ಲಿ ಬಿ.ಎ. ಮಾಡಬೇಕೆಂದು ಆಸೆ. ಎಂಟನೆಯ ವರ್ಷದಿಂದ ಬೇರೆ ಏನನ್ನೂ ಆಸೆಪಟ್ಟು ಕೇಳಿದವಳಲ್ಲ. ಸುಂದರಣ್ಣ ಮಾತಾಡುವಾಗ ಅವಳು ಬಾಗಿಲ ಹಿಂದೆ ನಿಂತಿದ್ದಳು. ಬಳೆಯ ಸದ್ದೂ ಇರಲಿಲ್ಲ.

ವಿಶ್ವವಿದ್ಯಾಲಯಕ್ಕೆ ಅರ್ಜಿ ಬರೆಯಲು ಕೂತಿದ್ದೇನೆ. ಎಂಟು ಪುಟ ಆಗಿದೆ. ಇನ್ನೂ ವಿಷಯಕ್ಕೆ ಬಂದಿಲ್ಲ.

ಜೂನ್ 5, ಶುಕ್ರವಾರ

ಅರ್ಜಿಯನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಬಸಳೆ ಸೋಸುತ್ತಾ ಕೇಳಿದಳು: "ಪೇಪರಿನ ಮೇಲೆ ಹೆಸರು ಬರೀತಾರಾ ಮಾಬಲ?"

"ಇಲ್ಲ, ನಂಬರು."

"ಹಾಗಾದ್ರೆ ಹುಡುಗಿ ಅಂತ ಅವನಿಗೆ ಹೇಗೆ ಗೊತ್ತಾಯ್ತು?"

ಅಕ್ಷರ ನೋಡಿದರೆ ಗೊತ್ತಾಗುತ್ತದೆ ಎಂದೆ. ಅವಳು ನನ್ನ ಅರ್ಜಿಯ ಅಕ್ಷರ ನೋಡಿದಳು, ಮತ್ತೆ ಬಸಳೆಗೆ ಕೈಹಾಕಿದಳು.

ವಿನೋದಾ ಬಂದು, "ಮಾವ, ಅರ್ಜಿ ಬೇಡ. ನಾನು ಓದ್ತೇನೆ" ಎಂದಳು. ಓದುವುದೆಂದರೇನು? ಓದಿಲ್ಲವೇ? ಮೊದಲ ವರ್ಷ ಟೈಫಾಯಿಡ್ ಬಂದು ಆರು ವಾರ ಮಲಗಿದ್ದಾಗ, ಕ್ಲಾಸಿನಲ್ಲಿ ಲಾಗರಿತಮ್ ನಡೆಯುತ್ತಿದ್ದ ದಿನಗಳಲ್ಲಿ, ಹಾಸಿಗೆಯ ಪಕ್ಕ ಕೂತು ನಾನೇ ಕಲಿಸಿದ್ದೆ. ನನ್ನದೇ ಲಾಗ್ ಕೋಷ್ಟಕದ ಪುಸ್ತಕ ಕೊಟ್ಟಿದ್ದೆ. ಸೈನು, ಕೊಸೈನು, ಟ್ಯಾಂಜೆಂಟು, ಒಂದೊಂದು ಪುಟವನ್ನೂ ಹೇಗೆ ನೋಡಬೇಕೆಂದು ತೋರಿಸಿಕೊಟ್ಟಿದ್ದೆ.

ಪೆಟ್ಟಿಗೆಯಿಂದ ನನ್ನ 1908ರ ಪೇಪರು ಹೊರಗೆ ತೆಗೆದು ಅವಳಿಗೆ ತೋರಿಸಿದೆ. ಲೋಕ ಹೇಗಿರುತ್ತದೆಂದು ಗೊತ್ತಾಗಲಿ ಎಂದು. ಎಫ್.ಎ., ಅಂದರೆ ಈಗಿನ ಇಂಟರ್‌ಮೀಡಿಯೆಟ್, ಪರೀಕ್ಷೆಗೆ ಯಾರನ್ನು ಕಳಿಸಬೇಕೆಂದು ಆರಿಸಲು ಕಾಲೇಜಿನವರೇ ನಡೆಸಿದ ಪರೀಕ್ಷೆ ಅದು. ಪೇಪರು ತಿದ್ದಿದವರು ಜೋನ್ ಮಾಸ್ತರು. ಆಗ ಹೊಸದಾಗಿ ಕೋಟು ಹೊಲಿಸಿಕೊಂಡ ಮನುಷ್ಯ. ಕಾಲೇಜಿನ ವಾಚನಾಲಯದ ಬಗ್ಗೆ ನಾನು ಪತ್ರಿಕೆಗೆ ಒಂದು ಕಾಗದ ಬರೆದು ಹದಿನೈದು ದಿನ ಆಗಿತ್ತಷ್ಟೆ. ಆರನೆಯ ಪ್ರಶ್ನೆ ಹೀಗಿತ್ತು: ತ್ರಿಕೋನದ ಬಾಹುಗಳು ಹದಿಮೂರು, ಹದಿನಾಲ್ಕು, ಹದಿನೈದು, ಅತಿ ದೊಡ್ಡ ಕೋನ ಎಷ್ಟು? ನಾನು ಬರೆದದ್ದು ಅರುವತ್ತೇಳು ಡಿಗ್ರಿ ಇಪ್ಪತ್ತಾರು ಮಿನಿಟು. ಅದರ ಮೇಲೊಂದು ಕೆಂಪು ಗೆರೆ, ಸೊನ್ನೆ ಅಂಕ, ಅಂಚಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು: "ಮೂರೂ ಕೋನ ಕಂಡುಹಿಡಿ. ಕೂಡಿಸಿ ನೋಡು."

ಪ್ರಶ್ನೆ ಕೇಳಿದ್ದು ಒಂದು ಕೋನ! ಮೂರನ್ನು ಯಾಕೆ ಕಂಡುಹಿಡಿಯಬೇಕು? ಗೇಲಿ ಅಲ್ಲದೆ ಮತ್ತೇನು? ಮೂರು ಅಂಕಕ್ಕೆ ನನ್ನನ್ನು ತಡೆದರು. ಆ ವರ್ಷವೇ ಅಪ್ಪ ತೀರಿಕೊಂಡರು. ನಾನು ಕಚೇರಿ ಸೇರಿದೆ. ಇಪ್ಪತ್ತೆಂಟು ವರ್ಷದಿಂದ ಜೋನ್ ಮಾಸ್ತರು ಎದುರು ಸಿಕ್ಕಿದರೆ ರಸ್ತೆಯ ಆಚೆ ಬದಿಗೆ ಹೋಗುತ್ತೇನೆ.

ವಿನೋದಾ ಪೇಪರು ನೋಡಿದಳು. "ಅಕ್ಷರ ಚಂದ ಉಂಟು ಮಾವ" ಎಂದಳು.

ಜೂನ್ 10, ಬುಧವಾರ

ಎಸ್ತೆರ್ ಬಂದಿದ್ದಳು. ಜೋನ್ ಮಾಸ್ತರ ಮಗಳು, ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು, ವಿನೋದಾಳಿಗೆ ಹೇಗೋ ಸ್ನೇಹ. ಕೊಡೆಯಿಂದ ನೀರು ಸುರಿಸುತ್ತಲೇ ಮಾತು ತೆಗೆದಳು.

"ಶೆಟ್ರೇ, ಪಪ್ಪ ರಿಟೈರ್ ಆಗಿ ಮನೆಯಲ್ಲೇ ಇದ್ದಾರೆ. ಪಾಠ ಇಲ್ಲದೆ ನಮ್ಮ ಕೋಳಿಗಳಿಗೆ ಲೆಕ್ಕ ಹೇಳಿಕೊಡ್ತಿದ್ದಾರೆ. ವಿನೋದಾಳನ್ನು ಬುಧವಾರ, ಶನಿವಾರ ಸಂಜೆ ಕಳಿಸಿ. ಫೀಸು ಗೀಸು ಎಂತ ಬೇಡ."

ನಾನು ಹೇಳಬೇಕಾದ್ದನ್ನು ಹೇಳಿದೆ. ಆ ಜಗಲಿಗೆ ನನ್ನ ಮನೆಯ ಮಗು ಕಾಲಿಡುವುದಿಲ್ಲ ಎಂದೆ. ಎಸ್ತೆರ್ ತಲೆಯಾಡಿಸಿ ಕೇಳಿದಳು, ಕೊಡೆ ಬಿಡಿಸಿದಳು, "ಆಯ್ತು, ಹಾಗಾದ್ರೆ ಶನಿವಾರಕ್ಕೆ ನೀವು ಆಲೋಚನೆ ಮಾಡಿ" ಎಂದು ಹೊರಟಳು. ಬೇಡ ಎಂಬ ಮಾತು ಆ ಮನೆಯವರ ಕಿವಿಗೆ ಬೀಳುವುದೇ ಇಲ್ಲವೇನೋ.

ಅಕ್ಕ ಒಳಗಿನಿಂದ ಬಂದು ನನ್ನೆದುರು ನಿಂತಳು. "ನಿನ್ನ ಕೋಪಕ್ಕೆ ಇಪ್ಪತ್ತೆಂಟು ವರ್ಷ ಆಯ್ತು ಮಾಬಲ. ಇವಳಿಗೆ ಹತ್ತೊಂಬತ್ತೇ. ಅವಳು ಹುಟ್ಟುವ ಮೊದ್ಲಿನ ಜಗಳಕ್ಕೆ ಅವಳು ಯಾಕೆ ಮನೆಯಲ್ಲಿ ಕೂರ್ಬೇಕು?"

ನಾನೇ ಕಲಿಸುತ್ತೇನೆ ಎಂದೆ.

ಜೂನ್ 14, ಆದಿತ್ಯವಾರ

ಬೆಳಿಗ್ಗೆಯಿಂದ ಕಲಿಸಿದೆ. ಎರಡು ಸೈನುಗಳ ಮೊತ್ತವನ್ನು ಗುಣಲಬ್ಧ ಮಾಡುವಲ್ಲಿಗೆ ಬಂದಾಗ ಪುಸ್ತಕದಲ್ಲೇ ಮುದ್ರಣದ ತಪ್ಪಿದೆ ಎಂದು ನನಗನಿಸಿತು. ವಿನೋದಾ ಮೆಲ್ಲನೆ ನನ್ನ ಕೈಯಿಂದ ಪೆನ್ಸಿಲು ತೆಗೆದುಕೊಂಡು ಎರಡು ಸಾಲಿನಲ್ಲಿ ಮಾಡಿ ತೋರಿಸಿದಳು. ತಪ್ಪು ಮುದ್ರಣದ್ದಲ್ಲ.

ಊಟವಾದ ಮೇಲೆ ಮಲಗಿದೆ.

ಜೂನ್ 20, ಶನಿವಾರ

ನಾನು ಹಾಕಿದ ಷರತ್ತು: ಗೇಟಿನ ತನಕ ಕರೆದುಕೊಂಡು ಹೋಗುತ್ತೇನೆ, ಗೇಟಿನ ಒಳಗೆ ಕಾಲಿಡುವುದಿಲ್ಲ, ಆ ಮನುಷ್ಯನ ಜೊತೆ ಮಾತಿಲ್ಲ. ಅಕ್ಕ, "ನಿಲ್ಲು, ಮಳೆಗೆ ತಲೆ ತಂಪಾಗ್ತದೆ" ಎಂದಳು.

ಬಲ್ಮಠದ ಹಂಚಿನ ಮನೆ. ಉದ್ದದ ಜಗಲಿ, ಜಗಲಿಯಲ್ಲಿ ಒಂದು ಕರಿಹಲಗೆ. ಮಾಸ್ತರು ಮುದುಕರಾಗಿದ್ದಾರೆ. ದೂರದಿಂದ ನನ್ನನ್ನು ನೋಡಿ ಕೈಯೆತ್ತಿದರು. ಗೆದ್ದವರು ಎತ್ತುವ ಹಾಗೆ. ನಾನು ಹಲಸಿನ ಮರವನ್ನು ನೋಡಿದೆ. ಒಂದೂವರೆ ಗಂಟೆ ಕೊಡೆ ಹಿಡಿದು ನಿಂತೆ. ಎಸ್ತೆರ್ ಚಹಾ ತಂದಳು. ಬೇಡ ಎಂದೆ.

ಹಿಂದಿರುಗುವಾಗ ಕದ್ರಿ ರಸ್ತೆಯ ತಿರುವಿನಲ್ಲಿ ವಿನೋದಾ ಕೇಳಿದಳು: "ಮಾವ, ನಿಮ್ಮ ಲಾಗ್ ಪುಸ್ತಕ ಬೈಂಡು ಮಾಡಿಸಿದ್ದು ಯಾವಾಗ?"

ಸಂತೋಷವಾಯಿತು. ನನ್ನ ಪುಸ್ತಕಗಳ ಬಗ್ಗೆ ಮನೆಯಲ್ಲಿ ಯಾರೂ ಕೇಳುವುದಿಲ್ಲ. 1907ರಲ್ಲಿ, ಬಂದರಿನ ಹಾಶಿಂ ಬ್ಯಾರಿಯ ಹತ್ತಿರ ಎಂದೆ. ಹಳೆ ಪುಸ್ತಕ ಕೊಂಡಿದ್ದೆ, ಮೂಲೆಗಳು ಹರಿದಿದ್ದವು. ಕೆಂಪು ಕ್ಯಾಲಿಕೋ ಬಟ್ಟೆ ಹಾಕಿಸಿ, ಮೂರು ಅಂಚನ್ನೂ ಕತ್ತರಿಸಿ, ಬೆನ್ನಿಗೆ ನನ್ನ ಹೆಸರಿನ ಅಕ್ಷರ ಒತ್ತಿಸಿದ್ದೆ. ನನ್ನ ನೂರಾರು ಪುಸ್ತಕಗಳು ಕಪಾಟಿನಲ್ಲಿ ಗೋಡೆ ಕಟ್ಟಿದ ಹಾಗೆ ಒಂದೇ ಸಮನೆ ನಿಲ್ಲುತ್ತವೆ. ಇಡೀ ಊರಿನಲ್ಲಿ ಅಂಥ ಕಪಾಟು ಇನ್ನೊಂದಿಲ್ಲ.

"ಹಾಂ" ಎಂದಳು.

ಜುಲೈ 4, ಶನಿವಾರ

ನಮ್ಮ ಓಣಿಯ ಹೊಸ ಚರಂಡಿಯಲ್ಲಿ ನೀರು ಹರಿಯುವುದಿಲ್ಲ, ನಿಲ್ಲುತ್ತದೆ. ಕಟ್ಟಿಸಿದ ಕಂತ್ರಾಟುದಾರನ ಮೇಲೆ ಪತ್ರಿಕೆಗೆ ನಾಲ್ಕು ಕಾಗದ ಬರೆದೆ. ಲಂಚಕೋರ ಎಂದಿದ್ದೆ, ರಾವಣ ಎಂದಿದ್ದೆ. ಒಂದನ್ನೂ ಹಾಕಲಿಲ್ಲ.

ಸಂಜೆ ಗೇಟಿನಲ್ಲಿ. ಗಾಳಿಗೆ ಕೊಡೆ ಮಗುಚಿತು. ಎಸ್ತೆರ್ ಬಂದು, "ಶೆಟ್ರೇ, ಜಗಲಿಯ ಮೆಟ್ಟಿಲು ಗೇಟಿನ ಹೊರಗೇ ಅಂತ ಲೆಕ್ಕ ಹಾಕುವ. ಪಪ್ಪ ಆಕ್ಷೇಪ ಮಾಡುದಿಲ್ಲ" ಎಂದಳು. ಕೆಳಗಿನ ಮೆಟ್ಟಿಲಿನಲ್ಲಿ, ಮಾಸ್ತರಿಗೆ ಬೆನ್ನು ಹಾಕಿ ಕೂತೆ. ಚಹಾ ಕುಡಿದೆ. ಚಳಿ ಇತ್ತು.

ಬೆನ್ನ ಹಿಂದೆ ಮಾಸ್ತರ ದನಿ: "ಕೋನ ಏರಿದ ಹಾಗೆ ಸೈನು ಏರ್ತದೆ. ಕೊಸೈನು ಎಂತ ಮಾಡ್ತದೆ ಮಗಾ?"

"ಇಳೀತದೆ ಸರ್."

"ಮರೀಬೇಡ."

ಇಷ್ಟು ಸಣ್ಣ ಸಂಗತಿಯನ್ನು ಇಂಟರ್‌ಮೀಡಿಯೆಟಿನವಳಿಗೆ ಹೇಳಿಕೊಡುತ್ತಾರೆ! ಇಂಥವರಿಗೆ ಪಿಂಚಣಿ.

ಜುಲೈ 18, ಶನಿವಾರ

ಮಾಸ್ತರು ಇವತ್ತು ಕೊಟ್ಟ ಲೆಕ್ಕ: ಬಾವುಟಗುಡ್ಡೆಯ ದೀಪಸ್ತಂಭದ ಮೇಲಿನಿಂದ ನೋಡಿದರೆ ದಡಕ್ಕೆ ಬರುವ ಮಂಜಿ ಹಡಗು ಇಷ್ಟು ಕೋನ ಕೆಳಗೆ ಕಾಣುತ್ತದೆ, ಹತ್ತು ಮಿನಿಟಿನ ಮೇಲೆ ಇಷ್ಟು; ಹಡಗಿನ ವೇಗ ಎಷ್ಟು? ವಿನೋದಾ ಕರಿಹಲಗೆಯಲ್ಲಿ ಬಿಡಿಸುತ್ತಿದ್ದಳು. ನಾನು ಮೆಟ್ಟಿಲಿನಲ್ಲಿ ಜೇಬು ತಡಕಿದೆ. ಅರ್ಜಿಯ ಕರಡು ಸಿಕ್ಕಿತು. ಹಿಂಬದಿ ಖಾಲಿ ಇತ್ತು. ಅದರಲ್ಲೇ ಮಾಡಿದೆ. ಉತ್ತರ ಸರಿಬಂತು. ಅವಳಿಗಿಂತ ಸ್ವಲ್ಪ ತಡವಾಗಿ.

ಹಿಂದೆ ತಿರುಗಿ ಕೂತಿದ್ದೆ ಎಂದು ಮನೆಗೆ ಬಂದ ಮೇಲೆ ಗಮನಕ್ಕೆ ಬಂತು. ಹಲಗೆ ಕಾಣಬೇಕಾದರೆ ಹಾಗೆ ಕೂರಲೇಬೇಕು.

ಜುಲೈ 26, ಆದಿತ್ಯವಾರ

ವಿನೋದಾ ನನ್ನ ಕೆಂಪು ಪುಸ್ತಕ ಬಳಸುತ್ತಿಲ್ಲ. ಮಾಸ್ತರ ಹತ್ತಿರದಿಂದ ಯಾವುದೋ ಹೊಲಿಗೆ ಬಿಟ್ಟ, ಎಣ್ಣೆ ಕಲೆಯ ಕೋಷ್ಟಕ ತಂದಿದ್ದಾಳೆ. ಕೇಳಿದರೆ, "ನಿಮ್ಮದು ಥಂಡಿಗೆ ಅಂಟಿಕೊಳ್ತದೆ ಮಾವ, ಹಾಳಾಗುದು ಬೇಡ" ಎನ್ನುತ್ತಾಳೆ. ನೋಡಿದೆ. ಒಂದು ಪುಟವೂ ಅಂಟಿಕೊಂಡಿಲ್ಲ. ಮನಸ್ಸಿಗೆ ನೋವಾಯಿತು. ಬರೆದಿಡುತ್ತೇನೆ, ಅಷ್ಟೆ.

ಮಧ್ಯಾಹ್ನ ಹಗ್ಗ, ತೂಗುಗುಂಡು, ಬೋಗುಣಿಯಲ್ಲಿ ನೀರು ಹಿಡಿದುಕೊಂಡು ಓಣಿಗೆ ಇಳಿದೆ. ವಿನೋದಾ ಹಗ್ಗದ ತುದಿ ಹಿಡಿದಳು. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಚರಂಡಿ ನೂರ ಇಪ್ಪತ್ತು ಅಡಿಗೆ ಐದು ಅಂಗುಲ ಇಳಿಯುವ ಬದಲು ಏರಿದೆ. ಹನ್ನೆರಡು ಮಿನಿಟು ಕೋನ ತಲೆಕೆಳಗು. ಇದಿಷ್ಟನ್ನೇ ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಹಾಕಿದೆ. ರಾವಣನಿಗೆ ಜಾಗ ಉಳಿಯಲಿಲ್ಲ.

ಆಗಸ್ಟ್ 8, ಶನಿವಾರ

ಕಾರ್ಡು ಅಚ್ಚಾಗಿದೆ! ಕಂತ್ರಾಟುದಾರನ ಜನ ಬಂದು ಚರಂಡಿ ಅಗೆಯುತ್ತಿದ್ದಾರೆ.

ಪಾಠ ಮುಗಿದ ಮೇಲೆ ಮಾಸ್ತರು ನನ್ನ ಕಡೆಗೆ ನೋಡಿ ಎಸ್ತೆರಳಿಗೆ ಹೇಳಿದರು: "ಪೇಪರಿನಲ್ಲಿ ಹನ್ನೆರಡು ಮಿನಿಟು ಅಂತ ಬರ್ದವರು ಯಾರಂತೆ? ಒಳ್ಳೆ ಕೆಲ್ಸ." ನಾನು ಚಪ್ಪಲಿ ಹುಡುಕಿದೆ. ಮಾತಿಲ್ಲವೆಂದರೆ ಮಾತಿಲ್ಲ.

ಪರೀಕ್ಷೆಗೆ ಇನ್ನು ಐದೂವರೆ ವಾರ.

ಆಗಸ್ಟ್ 16, ಆದಿತ್ಯವಾರ

ಇದನ್ನು ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಅಕ್ಕ, ವಿನೋದಾ ಕದ್ರಿ ದೇವಸ್ಥಾನಕ್ಕೆ ಹೋಗಿದ್ದರು. ಮಳೆ ಬಿಟ್ಟಿತ್ತು. ವಿನೋದಾಳ ಟಿಪ್ಪಣಿ ಪುಸ್ತಕ ಮೇಜಿನ ಮೇಲಿತ್ತು. ನೋಡುತ್ತೇನೆ, ಅದರಲ್ಲಿ ಹದಿಮೂರು, ಹದಿನಾಲ್ಕು, ಹದಿನೈದು. ನನ್ನ ತ್ರಿಕೋನವೇ. ಮೂರೂ ಕೋನ ಕಂಡುಹಿಡಿದಿದ್ದಳು. ದೊಡ್ಡ ಕೋನ ಅರುವತ್ತೇಳು ಡಿಗ್ರಿ ಇಪ್ಪತ್ತೆರಡು ಮಿನಿಟು ಎಂದಿತ್ತು.

ತಪ್ಪು. ಇಪ್ಪತ್ತಾರು ಆಗಬೇಕು. ಆ ಸಂಖ್ಯೆಯನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ನೋಡಿ, ಆ ಮನುಷ್ಯ ಇವಳಿಗೂ ತಪ್ಪನ್ನೇ ಕಲಿಸುತ್ತಿದ್ದಾನೆ ಎಂದುಕೊಂಡೆ. ಸಾಬೀತು ಮಾಡಲು ಕೆಂಪು ಪುಸ್ತಕ ತೆಗೆದು ಕೂತೆ. ಅಂಚಿನಲ್ಲಿ ಬರೆದ ಹಾಗೆಯೇ ಮಾಡೋಣ, ಬಾಯಿ ಮುಚ್ಚಿಸೋಣ ಎಂದು ಮೂರೂ ಕೋನ ತೆಗೆದೆ. ಐವತ್ತಮೂರು ಡಿಗ್ರಿ ಹದಿನಾರು ಮಿನಿಟು. ಐವತ್ತೊಂಬತ್ತು, ನಲುವತ್ತೆರಡು. ಅರುವತ್ತೇಳು, ಇಪ್ಪತ್ತಾರು.

ಕೂಡಿಸಿದೆ. ನೂರ ಎಂಬತ್ತು ಡಿಗ್ರಿ ಇಪ್ಪತ್ತನಾಲ್ಕು ಮಿನಿಟು.

ಮತ್ತೆ ಕೂಡಿಸಿದೆ. ಕೆಳಗಿನಿಂದ ಮೇಲಕ್ಕೂ ಕೂಡಿಸಿದೆ.

ತ್ರಿಕೋನದ ಮೂರು ಕೋನ ಸೇರಿದರೆ ನೂರ ಎಂಬತ್ತು. ಹೆಚ್ಚಿಲ್ಲ, ಕಡಿಮೆ ಇಲ್ಲ. ಅದಕ್ಕೆ ನನ್ನ ಮೇಲೆ ಹಗೆಯಿಲ್ಲ. ನಾನು ಪತ್ರಿಕೆಗೆ ಏನು ಬರೆದೆನೆಂದು ಅದಕ್ಕೆ ಗೊತ್ತಿಲ್ಲ.

ವಿನೋದಾಳ ಎಣ್ಣೆ ಕಲೆಯ ಕೋಷ್ಟಕ ತೆಗೆದು ನನ್ನದರ ಪಕ್ಕದಲ್ಲಿಟ್ಟೆ. ಕೊಸೈನಿನ ಪುಟ. ಅಂಕಿಗಳೆಲ್ಲ ಒಂದೇ. ಅವಳ ಪುಸ್ತಕದಲ್ಲಿ ಬಲಗಡೆಯ ಸಣ್ಣ ಅಂಕಿಗಳ ನೆತ್ತಿಯ ಮೇಲೆ ಒಂದು ಸಾಲು ಇದೆ: ಈ ವ್ಯತ್ಯಾಸಗಳನ್ನು ಕಳೆಯಬೇಕು. ನನ್ನ ಪುಸ್ತಕದಲ್ಲಿ ಪುಟದ ಆ ಮೇಲಂಚೇ ಇಲ್ಲ. ಕತ್ತಿಯ ನೇರ ಅಂಚು.

ನನ್ನ ನೆನಪು ಗಟ್ಟಿ. ಅದೇ ಕಷ್ಟ. ಹಾಶಿಂ ಬ್ಯಾರಿಯ ಅಂಗಡಿ, ಸರೇಸು ಅಂಟಿನ ವಾಸನೆ. ಅವರು ಪುಸ್ತಕವನ್ನು ಕಣ್ಣಿನ ಸಮಕ್ಕೆ ಹಿಡಿದು ಹೇಳಿದ್ದು: "ಮೇಲೆ ಇಷ್ಟು ತೆಗೆದ್ರೆ ಅಕ್ಷರ ಹೋಗ್ತದೆ ಶೆಟ್ರೇ." ನಾನು ಹೇಳಿದ್ದು: "ಹೋಗ್ಲಿ. ಬಾಕಿ ಪುಸ್ತಕಗಳ ಸಮ ಬರ್ಬೇಕು."

ಇಪ್ಪತ್ತೊಂಬತ್ತು ವರ್ಷದಿಂದ ನಾನು ಕಳೆಯಬೇಕಾದಲ್ಲಿ ಕೂಡಿಸುತ್ತಿದ್ದೇನೆ. ಟೈಫಾಯಿಡಿನಲ್ಲಿ ಮಲಗಿದ್ದ ಮಗುವಿಗೂ ಕೂಡಿಸಲು ಕಲಿಸಿದೆ. ಅವಳಿಗೆ ಕಡಿಮೆ ಬಿದ್ದದ್ದು ನಾಲ್ಕೇ ಅಂಕ.

ಅಕ್ಕ, ವಿನೋದಾ ಬಂದಾಗ ಎರಡೂ ಪುಸ್ತಕ ಮೇಜಿನ ಮೇಲೆ ತೆರೆದೇ ಇದ್ದವು. ವಿನೋದಾ ನೋಡಿದಳು. ಕೈಯ ಹೂವನ್ನು ಕೆಳಗಿಟ್ಟಳು.

"ನಿನಗೆ ಗೊತ್ತಿತ್ತಾ?"

"ಹೌದು ಮಾವ."

"ಯಾವಾಗಿನಿಂದ?"

"ಮೊದಲನೇ ಶನಿವಾರದಿಂದ. ಸರ್ ಹೇಳಿದ್ರು."

"ನನಗೆ ಯಾಕೆ ಹೇಳ್ಲಿಲ್ಲ?"

ಅವಳು ಸೆರಗಿನ ತುದಿ ಸುತ್ತಿದಳು. "ಆರು ವಾರ ನನ್ನ ಹತ್ರ ಕೂತದ್ದು ನೀವೊಬ್ರೇ. ನೀವು ಕಲಿಸದಿದ್ರೆ ನನಗೆ ಲಾಗ್ ಅಂದ್ರೆ ಎಂತ ಅಂತಲೇ ಗೊತ್ತಾಗ್ತಿರ್ಲಿಲ್ಲ. ಕೂಡಿಸುದಾ ಕಳೆಯುದಾ ಅಂತ ಒಂದು ಸಾಲು ಮಾವ. ಅದನ್ನು ಮತ್ತೆಯೂ ಕಲೀಬಹುದು."

ಆಗಸ್ಟ್ 17, ಸೋಮವಾರ

ಕಚೇರಿಗೆ ಹೋದೆ. ಬಂದೆ.

ಆಗಸ್ಟ್ 18, ಮಂಗಳವಾರ

ಪಾಠದ ದಿನವಲ್ಲ. ಆದರೂ ಸಂಜೆ ಬಲ್ಮಠಕ್ಕೆ ಹೋದೆ. ಗೇಟು ತೆರೆದೆ. ಇಷ್ಟು ದಿನ ತೆರೆಯುತ್ತಿದ್ದವಳು ವಿನೋದಾ; ಚಿಲಕ ಎಡಗಡೆಯಿದೆ ಎಂದು ಇವತ್ತೇ ಗೊತ್ತಾದದ್ದು. ಮಾಸ್ತರು ಜಗಲಿಯಲ್ಲಿ ಕೋಳಿಗಳಿಗೆ ಅಕ್ಕಿ ಹಾಕುತ್ತಿದ್ದರು. 1908ರ ಪೇಪರನ್ನು ಅವರ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿ ಓದಿದರು. "ಇದು ಯಾರದ್ದು?"

"ನನ್ನದು. ನೀವು ತಿದ್ದಿದ್ದು. ನಿಮಗೆ ನೆನಪಿಲ್ವಾ?"

"ಮೂವತ್ತು ವರ್ಷದಲ್ಲಿ ಎಷ್ಟು ಪೇಪರು ಮಾರಾಯ್ರೆ! ನೀವು ಗಣಿತಕ್ಕೆ ಹೆದರಿ ಗೇಟಿನಲ್ಲಿ ನಿಲ್ತೀರಿ ಅಂತ ನಾನು ಅಂದ್ಕೊಂಡದ್ದು."

ಇಪ್ಪತ್ತೆಂಟು ವರ್ಷ ನಾನು ರಸ್ತೆ ದಾಟಿದ್ದು ಅವರ ಗಮನಕ್ಕೇ ಬಂದಿಲ್ಲ! ಇದಕ್ಕೆ ಸಿಟ್ಟು ಬರಬೇಕಿತ್ತು. ನಗು ಬಂತು.

ಅವರು ಕೆಂಪು ಸಾಲಿನ ಮೇಲೆ ಬೆರಳಿಟ್ಟರು. "ಇದು ನನ್ನ ಅಕ್ಷರವೇ. ಕೂಡಿಸಿ ನೋಡ್ಲಿಲ್ವಾ ನೀವು?"

"ಮೊನ್ನೆ ನೋಡಿದೆ."

"ಎಷ್ಟು ಬಂತು?"

"ಇಪ್ಪತ್ತನಾಲ್ಕು ಮಿನಿಟು ಜಾಸ್ತಿ."

ಅವರು ಉಳಿದ ಅಕ್ಕಿಯನ್ನು ಕೆಳಗೆ ಚೆಲ್ಲಿದರು. ಕೋಳಿಗಳು ಕಾಲಿನ ಸುತ್ತ ಬಂದವು. ಆಮೇಲೆ, "ಕರೆದು ಹೇಳ್ಬೇಕಿತ್ತು ನಾನು" ಎಂದರು. "ಆಗ ನನಗೆ ವಯಸ್ಸು ಇಪ್ಪತ್ತೆಂಟೇ. ಕೆಂಪು ಶಾಯಿಯಲ್ಲಿ ಒಂದು ಸಾಲು ಬರ್ದ್ರೆ ಪಾಠ ಆಯ್ತು ಅಂತ ಜಂಬ. ಐದು ಮಿನಿಟಿನ ಕೆಲ್ಸ ಶೆಟ್ರೇ. ಮಾಡ್ಲಿಲ್ಲ."

"ಅಂಕ ಕೊಡ್ತೀರಾ ಈಗ?" ಎಂದೆ.

"ಹೇಗೆ ಕೊಡುದು? ಉತ್ತರ ತಪ್ಪೇ ಅಲ್ವಾ?"

ಎಸ್ತೆರ್ ಒಳಗೆ ಪಾತ್ರೆ ಬೀಳಿಸಿಕೊಂಡು ನಗುತ್ತಿದ್ದಳು. ಚಹಾ ಕೊಟ್ಟಳು. ಮೇಲಿನ ಮೆಟ್ಟಿಲು ದಾಟಿ ಬೆಂಚಿನಲ್ಲಿ ಕೂತು ಕುಡಿದೆ.

ಆಗಸ್ಟ್ 30, ಆದಿತ್ಯವಾರ

ಸುಂದರಣ್ಣ ಹೇಳದೆ ಕೇಳದೆ ಬಂದರು. ದೇರೆಬೈಲಿನವರಿಗೆ ಕಾಯಲು ಆಗುವುದಿಲ್ಲವಂತೆ, ಹುಡುಗ ಬೊಂಬಾಯಿಗೆ ಹೋಗುವ ಮೊದಲು ಮಾತು ಮುಗಿಸಬೇಕಂತೆ. ಪರೀಕ್ಷೆಗೆ ಹದಿನೆಂಟು ದಿನ ಇದೆ.

"ಒಂದ್ಸಲ ಆಗದ್ದು ಮತ್ತೊಂದ್ಸಲ ಆಗ್ತದಾ? ಹುಡುಗಿಯ ತಲೆಗೆ ಹತ್ತುದಿಲ್ಲ ಅಂತ ಮದ್ರಾಸಿನವರೇ ಹೇಳಿ ಆಯ್ತಲ್ಲ ಮಾಬಲ."

ವಿನೋದಾ ಬಾಗಿಲ ಹಿಂದೆ. ಅಕ್ಕ ನನ್ನನ್ನು ನೋಡಿದಳು, ಈಗ ಇವನು ಕಿರುಚುತ್ತಾನೆ ಎಂದು. ನಾನು ಎದ್ದು ಹೋಗಿ ಪೆಟ್ಟಿಗೆಯಿಂದ ಹಳೆ ಪೇಪರು, ಕೆಂಪು ಪುಸ್ತಕ ತಂದು ಅಣ್ಣನ ಮುಂದಿಟ್ಟೆ. ಈ ಪೇಪರಿನ ಕಥೆ ಅವರಿಗೆ ಬಾಯಿಪಾಠ. ಮದುವೆ ಮುಂಜಿಗಳಲ್ಲಿ ನೆಂಟರ ಮುಂದೆ ನಾನು ಹೇಳಿದ್ದಕ್ಕೆ ಲೆಕ್ಕವಿಲ್ಲ.

"ನನಗೆ ಯಾರೂ ಅನ್ಯಾಯ ಮಾಡಿಲ್ಲ ಅಣ್ಣ. ನನ್ನ ಉತ್ತರ ತಪ್ಪಿತ್ತು. ಆ ತಪ್ಪನ್ನೇ ಇವಳಿಗೆ ಕಲಿಸಿದೆ. ಅವಳು ಫೇಲಾದದ್ದು ಅವಳ ತಲೆಯಿಂದಲ್ಲ, ನನ್ನ ಪುಸ್ತಕದಿಂದ. ಇದನ್ನು ದೇರೆಬೈಲಿನವರಿಗೂ ಬೇಕಾದ್ರೆ ನಾನೇ ಹೋಗಿ ಹೇಳ್ತೇನೆ."

ಸುಂದರಣ್ಣ ಪುಸ್ತಕದ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಅವರು ಮೂರನೆಯ ಕ್ಲಾಸಿಗೆ ಬಿಟ್ಟವರು. ಆದರೆ ಕತ್ತರಿಸಿದ ಅಂಚು ಯಾರಿಗಾದರೂ ಗೊತ್ತಾಗುತ್ತದೆ.

"ಇಷ್ಟು ವರ್ಷ ಆ ಮಾಸ್ತರನ್ನು ಬೈದದ್ದು ಸುಮ್ಮನೆಯಾ?"

"ಸುಮ್ಮನೆ."

"ಥೂ ಮಾರಾಯ" ಎಂದರು. ಆಮೇಲೆ ಬಾಗಿಲ ಕಡೆಗೆ ದನಿ ಎತ್ತಿ, "ಮಗಾ, ಈಗ ಸರಿಯಾದ ಪುಸ್ತಕ ಉಂಟಾ ನಿನ್ನ ಹತ್ರ?" ಎಂದು ಕೇಳಿದರು.

"ಉಂಟು ದೊಡ್ಡ ಮಾವ."

"ಹಾಗಾದ್ರೆ ಫಲಿತಾಂಶ ಬರುವ ತನಕ ನಾನು ದೇರೆಬೈಲಿನವರಿಗೆ ಎಂತಾದ್ರು ಒಂದು ಹೇಳ್ತೇನೆ."

ಮೂರು ನೀರುದೋಸೆ ಹೆಚ್ಚು ತಿಂದರು.

ಸೆಪ್ಟೆಂಬರ್ 17, ಗುರುವಾರ

ಗಣಿತದ ಪೇಪರು ಇವತ್ತು. ರಜೆ ಹಾಕಿ ಕಾಲೇಜಿನ ಗೇಟಿನ ಹೊರಗೆ ನಿಂತೆ. ಗೇಟಿನಲ್ಲಿ ನಿಲ್ಲುವುದು ಅಭ್ಯಾಸವಾಗಿದೆ. ಹತ್ತು ಗಂಟೆಗೆ ಮಾಸ್ತರೂ ಬಂದು ಪಕ್ಕದಲ್ಲಿ ನಿಂತರು, "ಈ ಕಡೆ ಕೆಲ್ಸ ಇತ್ತು" ಎಂದರು. ಮೂರು ಗಂಟೆ ಹೊತ್ತು ಇಬ್ಬರೂ ಮಳೆ, ಕೋಳಿ, ಹಂಚಿನ ಬೆಲೆಯ ಬಗ್ಗೆ ಮಾತಾಡಿದೆವು. ಯಾರೂ ತ್ರಿಕೋನದ ಹೆಸರೆತ್ತಲಿಲ್ಲ.

ವಿನೋದಾ ಹೊರಗೆ ಬಂದಳು. ಬೆರಳಲ್ಲಿ ಶಾಯಿ. ನಾನು ಕೇಳುವ ಮೊದಲೇ ಹೇಳಿದಳು.

"ಒಂದು ಕೋನ ಕೇಳಿದ್ರು ಮಾವ. ನಾನು ಮೂರೂ ತೆಗ್ದು ಕೂಡಿಸಿದೆ. ನೂರ ಎಂಬತ್ತು ಬಂತು."

ಮಾಸ್ತರು ಕನ್ನಡಕ ಒರೆಸಿಕೊಂಡರು. ಮಳೆ ಬರುತ್ತಿರಲಿಲ್ಲ.

ನವೆಂಬರ್ 5, ಗುರುವಾರ

ಬೆಳಗಿನ ರೈಲಿಗೆ ಫಲಿತಾಂಶ ಅಚ್ಚಾದ ಮದ್ರಾಸಿನ ಪತ್ರಿಕೆ ಬಂತು. ಒಂದೇ ಸಲ ನೋಡಿದೆ. ನಂಬರು ಇದೆ.

ಅಕ್ಕ ಹಿಂದಿನ ಬಾಗಿಲಿನಿಂದ ಓಡಿ ಹೋಗಿ ಓಣಿಗೆಲ್ಲ ಹೇಳಿ ಬಂದಳು. ಹೊಸ ಚರಂಡಿ ದಾಟಿಕೊಂಡು ಜನ ಬಂದರು. ವಿನೋದಾ ನನ್ನ ಕಾಲು ಮುಟ್ಟಲು ಬಗ್ಗಿದಳು. ಮೊದಲು ಬಲ್ಮಠಕ್ಕೆ ಹೋಗು ಎಂದೆ.

ಸುಂದರಣ್ಣನಿಗೆ ತಂತಿ ಕಳಿಸಿದೆ.

ನವೆಂಬರ್ 7, ಶನಿವಾರ

ಸುಂದರಣ್ಣನ ಕಾರ್ಡು ಬಂದಿದೆ. ಒಂದೇ ಸಾಲು: ಮದ್ರಾಸಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲು ಹೇಗಿದೆ, ಊಟಕ್ಕೆ ಕುಚ್ಚಲಕ್ಕಿ ಸಿಗುತ್ತದೆಯೇ, ಸರಿಯಾಗಿ ವಿಚಾರಿಸು.

ಕೆಂಪು ಪುಸ್ತಕ ತೆಗೆದೆ. ಎಸ್ತೆರಳ ಶಾಲೆಯಲ್ಲಿ ಮುಮ್ತಾಝ್ ಎಂಬ ಹುಡುಗಿ ಇದ್ದಾಳಂತೆ, ಲೆಕ್ಕದಲ್ಲಿ ಚುರುಕು, ಇನ್ನೆರಡು ವರ್ಷದಲ್ಲಿ ಅವಳಿಗೆ ಕೋಷ್ಟಕ ಬೇಕಾಗುತ್ತದೆ. ಕೊಸೈನಿನ ಪುಟದ ಮೇಲೆ ಜಾಗವಿಲ್ಲ. ಪಕ್ಕದಲ್ಲಿ, ಕೆಂಪು ಶಾಯಿಯಲ್ಲಿ, "ಕಳೆಯಬೇಕು" ಎಂದು ಬರೆದೆ. ಬರೆದರೆ ಸಾಲದು. ಕೊಡುವಾಗ ಕೂತು ಹೇಳಬೇಕು.

ಕಪಾಟಿನಲ್ಲಿ ಅದರ ಜಾಗ ಖಾಲಿ ಬಿದ್ದಿದೆ. ವಿನೋದಾ ಮಾಸ್ತರ ಹೊಲಿಗೆ ಬಿಟ್ಟ ಕೋಷ್ಟಕವನ್ನು ಅಲ್ಲಿ ತುರುಕಿದ್ದಾಳೆ. ಬೇರೆಲ್ಲದಕ್ಕಿಂತ ಎರಡು ಬೆರಳು ಎತ್ತರಕ್ಕೆ ನಿಂತಿದೆ. ಇರಲಿ.

ನಾಲ್ಕೂವರೆಗೆ ಕೊಡೆ ತೆಗೆದುಕೊಂಡು ಹೊರಟೆ. ಆಕಾಶ ಶುಭ್ರವಾಗಿತ್ತು.

"ಹುಡುಗಿ ಪಾಸಾಗಿ ಆಯ್ತಲ್ಲ, ಇನ್ನು ಎಲ್ಲಿಗೆ?" ಎಂದಳು ಅಕ್ಕ.

"ಶನಿವಾರ ಅಲ್ವಾ" ಎಂದೆ.

ಬುಧವಾರ ಮಾಸ್ತರು ನನಗೆ ಕೊಟ್ಟ ಲೆಕ್ಕ ಜೇಬಿನಲ್ಲಿತ್ತು. ನಾಲ್ಕು ಬಾಹುಗಳದ್ದು. ಎರಡು ತ್ರಿಕೋನ ಮಾಡಿ ಬಿಡಿಸಿದ್ದೇನೆ, ನಾಲ್ಕೂ ಕೋನ ತೆಗೆದು ಕೂಡಿಸಿದ್ದೇನೆ. ಮುನ್ನೂರ ಅರುವತ್ತಕ್ಕೆ ಮೂರು ಮಿನಿಟು ಕಡಿಮೆ ಬರುತ್ತದೆ. ಎಲ್ಲೋ ಒಂದು ಕಡೆ ನಾನೇ ತಪ್ಪಿದ್ದೇನೆ. ಎಲ್ಲಿ ಎಂದು ಮಾಸ್ತರನ್ನು ಕೇಳಬೇಕು.